ಕೈ ಶುದ್ಧವಿದ್ದರೆ ಸಾಕೇ, ಸ್ವಾಮಿ?



ಸರ್ಕಾರಿ ಪರೀಕ್ಷೆಗೆ ಓದುತ್ತಿರುವ ಸ್ವಾಮಿಗಳಿಗೆ ಒಂದು ಪ್ರಶ್ನೆ. 41 ದಿನದ ವ್ರತ ನಾಳೆ ಅಧಿಕಾರದ ಕುರ್ಚಿಯಲ್ಲಿ ಕೂತಾಗ ಉಪಯೋಗಕ್ಕೆ ಬರುತ್ತದೆಯೇ? ಇದನ್ನೇ ಈಗ 'ಆಧ್ಯಾತ್ಮಿಕ ಬುದ್ಧಿಮತ್ತೆ' ಎಂದು ಮ್ಯಾನೇಜ್‌ಮೆಂಟ್ ತರಗತಿಗಳಲ್ಲಿ ಪಾಠ ಮಾಡುತ್ತಾರೆ. ಪುಣೆಯ ಕನ್ನಡಿಗರಾದ ನಮಗೆ ಉದಾಹರಣೆ ಇಲ್ಲೇ ಖಡಕ್‌ವಾಸ್ಲಾದಲ್ಲಿದೆ.

ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಯಲ್ಲಿ ಎಂಜಿನಿಯರಿಂಗ್ ಓದಿ, ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆ ಸೇರಿದರು. ಅವರು ರೂಪಿಸಿದ ಸ್ವಯಂಚಾಲಿತ ಗೇಟುಗಳನ್ನು 1903ರಲ್ಲಿ ಖಡಕ್‌ವಾಸ್ಲಾ ಅಣೆಕಟ್ಟಿಗೆ ಅಳವಡಿಸಲಾಯಿತು. ನೀರು ಮಟ್ಟ ಮೀರಿದರೆ ತಾವೇ ತೆರೆಯುವ ಗೇಟುಗಳು. 'ನೀನು ಯಾರ ಕಡೆಯವನು' ಎಂದು ಕೇಳುವುದಿಲ್ಲ. 1912ರಿಂದ ಮೈಸೂರಿನ ದಿವಾನರಾಗಿದ್ದಾಗಲೂ ಅವರ ಬಳಿ ನಂಟರ ಶಿಫಾರಸು ನಡೆಯುತ್ತಿರಲಿಲ್ಲ ಎಂದು ಜನ ಇಂದಿಗೂ ನೆನೆಯುತ್ತಾರೆ.

ಕಥೆ ಇಲ್ಲಿಗೇ ಮುಗಿಯುವುದಿಲ್ಲ. ಸರ್ಕಾರಿ ನೌಕರಿಯಲ್ಲಿ ಹಿಂದುಳಿದವರಿಗೂ ಪಾಲು ಸಿಗಬೇಕೆಂದು ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಮಿಲ್ಲರ್ ಸಮಿತಿ ನೇಮಿಸಿದರು. ಅರ್ಹತೆಯೊಂದೇ ಅಳತೆ ಎನ್ನುತ್ತಿದ್ದ ವಿಶ್ವೇಶ್ವರಯ್ಯನವರಿಗೆ ಅದು ಒಪ್ಪಿಗೆಯಾಗಲಿಲ್ಲ. ಅದೇ ವರ್ಷ ದಿವಾನಗಿರಿ ಬಿಟ್ಟರು.

ನಂಬಿದ ಮಾತಿಗಾಗಿ ಕುರ್ಚಿ ಬಿಟ್ಟವರಿಗೆ ಕೈ ಮುಗಿಯೋಣ. ಆದರೆ ಈ ವಿಷಯದಲ್ಲಿ ನಾನು ಮಹಾರಾಜರ ಕಡೆ. ಶಾಲೆಯ ಬಾಗಿಲನ್ನೇ ಕಾಣದ ಮನೆಯ ಮಗುವಿಗೂ ತಲೆಮಾರುಗಳಿಂದ ಓದಿದವರ ಮನೆಯ ಮಗುವಿಗೂ ಒಂದೇ ಅಳತೆ ಹಿಡಿದರೆ ನೋಡಲು ಸಮ, ಆದರೆ ನ್ಯಾಯವಲ್ಲ. ವಿಶ್ವೇಶ್ವರಯ್ಯನವರ ವಿದ್ಯಾರ್ಥಿವೇತನ ಅರ್ಹತೆಗೆ ಸಿಕ್ಕಿದ್ದೇ ಇರಬಹುದು. ಆದರೂ ಅರ್ಹತೆಗೂ ಒಂದು ಆಸರೆ ಬೇಕಾಯಿತಲ್ಲವೇ?

ವ್ರತ ನಮಗೆ ಎರಡು ಪಾಠ ಹೇಳುತ್ತದೆ. ಆಸೆ ಬಿಡು ಎನ್ನುವುದು ಮೊದಲನೆಯದು. ಅದರಿಂದ ಕೈ ಶುದ್ಧವಾಗುತ್ತದೆ. ಎದುರಿಗೆ ಬಂದವರನ್ನೆಲ್ಲ 'ಸ್ವಾಮಿ' ಎನ್ನು ಎನ್ನುವುದು ಎರಡನೆಯದು. ಅದರಿಂದ ಕಣ್ಣು ತೆರೆಯುತ್ತದೆ. ಸನ್ನಿಧಾನದಲ್ಲಿ ಬರೆದಿರುವ 'ತತ್ತ್ವಮಸಿ'ಯೂ ಅದನ್ನೇ ಹೇಳುತ್ತದೆ. ಲಂಚ ಮುಟ್ಟದ ಅಧಿಕಾರಿ ಮೊದಲ ಪಾಠ ಕಲಿತವರು. ಒಳ್ಳೆಯ ನಾಯಕರಾಗಲು ಎರಡನೆಯದೂ ಬೇಕು.

ನನ್ನದು ಐಟಿ ಸಪೋರ್ಟ್ ಕೆಲಸ. ದೊಡ್ಡವರ ಲ್ಯಾಪ್‌ಟಾಪ್ ಕೆಟ್ಟರೆ ಹತ್ತು ಫೋನ್ ಬರುತ್ತವೆ. ಹೌಸ್‌ಕೀಪಿಂಗ್‌ನವರ ಹಾಜರಿ ಮಷಿನ್ ಕೆಟ್ಟರೆ ಟಿಕೆಟ್ ಹಾಕಲು ಅವರಿಗೆ ಲಾಗಿನ್ನೇ ಇರುವುದಿಲ್ಲ. ಟಿಕೆಟ್ ಬಂದಿಲ್ಲ ಅಂದರೆ ತೊಂದರೆ ಇಲ್ಲ ಎಂದು ಅರ್ಥವಲ್ಲ. ಸರ್ಕಾರಿ ಕೌಂಟರೂ ಹಾಗೆಯೇ.

ಮಾಲೆ ತೆಗೆದ ಮೇಲೂ ದಿನಕ್ಕೊಮ್ಮೆ ಕೇಳಿಕೊಳ್ಳಿ: ಇವತ್ತು ನನ್ನ ಕೌಂಟರಿನ ತನಕ ಬರಲಾಗದ ಸ್ವಾಮಿ ಯಾರು?

ಸ್ವಾಮಿ ಶರಣಂ.