ನಮ್ಮ ಭಯದ ಬೆಲೆ ಯಾರು ತೆರಬೇಕು?

ರಾಜಾಜಿನಗರದ ಮನೆಯಲ್ಲಿ ಕುಳಿತು ಕರಡಿಯ ಮಾತೆತ್ತಿದರೆ ನೀವು ನಗಬಹುದು. ಇಲ್ಲಿ ಬೀದಿನಾಯಿಗಳ ಕಾಟ ಉಂಟು, ಹೆಗ್ಗಣಗಳ ಕಾಟ ಉಂಟು; ಕರಡಿ ಎಲ್ಲಿಂದ ಬರಬೇಕು? ಆದರೆ ನಮ್ಮ ಪಕ್ಕದ ಮಾಗಡಿ ರಸ್ತೆಯಲ್ಲೇ ಬಸ್ಸು ಹತ್ತಿ ನೋಡಿ. ಎರಡು ಗಂಟೆಯೊಳಗೆ ಸಾವನದುರ್ಗದ ಬಂಡೆಗಳು ಕಾಣುತ್ತವೆ. ಆ ಸೀಮೆಯಿಂದ ರಾಮನಗರದವರೆಗಿನ ಕಲ್ಲುಗುಡ್ಡಗಳು, ತುಮಕೂರಿನತ್ತ ದೇವರಾಯನದುರ್ಗದ ಕಾಡು, ಇವೆಲ್ಲ ಕರಡಿಯ ತಲೆತಲಾಂತರದ ನೆಲೆ. ನಮ್ಮಲ್ಲಿ ಎಷ್ಟೋ ಮಂದಿಯ ಬಂಧುಬಳಗ ಈ ತಾಲ್ಲೂಕುಗಳಲ್ಲಿದೆ. ಕೆಲವರು ಅಲ್ಲಿ ಒಂದಿಷ್ಟು ಜಮೀನು ಕೊಂಡು, ಕಾವಲಿಗೆ ಒಂದು ಬಡ ಕುಟುಂಬವನ್ನು ಇಟ್ಟಿದ್ದಾರೆ. ಆದ್ದರಿಂದ ಈ ಪ್ರಾಣಿಯ ವಿಷಯ ನಮಗೆ ದೂರದ್ದಲ್ಲ.

ಮನೆಯ ಹತ್ತಿರ ಕರಡಿ ಕಾಣಿಸಿಕೊಂಡಾಗ ತಂದೆತಾಯಿಗಳ ಮನಸ್ಸಿಗೆ ಮೊದಲು ಬರುವುದು ಮಕ್ಕಳು. ಅದು ತಪ್ಪಲ್ಲ. ತನ್ನ ಮನೆಯವರನ್ನು ಕಾಪಾಡುವುದು ಯಾರೂ ಹೇಳಿಕೊಡಬೇಕಾಗಿಲ್ಲದ ಕರ್ತವ್ಯ. ಕರಡಿಯ ದಾಳಿ ಹಗುರವಾಗಿ ಮಾತನಾಡುವ ಸಂಗತಿಯೂ ಅಲ್ಲ. ಅದು ತಲೆ ಮುಖಗಳಿಗೇ ಎರಗುತ್ತದೆ; ಬದುಕಿ ಉಳಿದವರೂ ಕಣ್ಣು ಕಳೆದುಕೊಂಡು, ಮುಖ ವಿರೂಪವಾಗಿ ಉಳಿದ ಜೀವಮಾನ ಕಳೆಯಬೇಕಾಗುತ್ತದೆ. ಇಂಥ ನೋವುಂಡ ಮನೆಯವರಿಗೆ ನಗರದಲ್ಲಿ ಕುಳಿತು ಜೀವದಯೆಯ ಉಪದೇಶ ಮಾಡುವುದು ಸುಲಭ, ಆದರೆ ನ್ಯಾಯವಲ್ಲ. ಹಾಗಾದರೆ ಕೇಳಬೇಕಾದ ಪ್ರಶ್ನೆ ಯಾವುದು? ನನ್ನ ಮನೆಯನ್ನು ಕಾಪಾಡಿಕೊಳ್ಳಬೇಕೇ ಎಂಬುದಲ್ಲ. ಹಾಗೆ ಕಾಪಾಡಿಕೊಳ್ಳುವಾಗ ಅದರ ಬೆಲೆಯನ್ನು ಯಾರ ಮೇಲೆ ಹೊರಿಸುತ್ತಿದ್ದೇನೆ ಎಂಬುದು.

ಮೊದಲು ಈ ಪ್ರಾಣಿಯನ್ನು ಸ್ವಲ್ಪ ಅರಿಯೋಣ. ನಮ್ಮ ಕಾಡಿನ ಕರಡಿ ಬೇಟೆಗಾರನಲ್ಲ. ಗೆದ್ದಲು, ಇರುವೆ, ಜೇನು, ನೇರಳೆ, ಅತ್ತಿ, ಬಾರೆ, ಸೀತಾಫಲ, ಇವೇ ಅದರ ಊಟ. ಅದಕ್ಕೆ ಮೇಲ್ದವಡೆಯ ನಡುವಿನ ಎರಡು ಹಲ್ಲುಗಳೇ ಇಲ್ಲ; ಆ ಸಂದಿನಿಂದ ಹುತ್ತದೊಳಗಿನ ಗೆದ್ದಲನ್ನು ಸರ್ರೆಂದು ಹೀರುತ್ತದೆ. ಮೂಗು ಬಹಳ ಚುರುಕು, ಕಣ್ಣು ಕಿವಿ ಮಂದ. ಹುತ್ತ ಅಗೆಯುವ ತನ್ನದೇ ಸದ್ದಿನಲ್ಲಿ ಮುಳುಗಿರುವಾಗ ಮನುಷ್ಯ ಹತ್ತಿರ ಬಂದದ್ದು ಅದಕ್ಕೆ ತಿಳಿಯುವುದೇ ಇಲ್ಲ. ಪೊದೆಯ ತಿರುವಿನಲ್ಲಿ ನಾಲ್ಕು ಮಾರು ದೂರದಲ್ಲಿ ಕಂಡಾಗ ಅದೂ ಬೆಚ್ಚುತ್ತದೆ, ಬೆಚ್ಚಿ ಮೈಮೇಲೆ ಬೀಳುತ್ತದೆ. ಹೆಣ್ಣು ಕರಡಿ ಮರಿಗಳನ್ನು ಬೆನ್ನಮೇಲೆ ಹೊತ್ತು ತಿರುಗುತ್ತದೆ. ಆ ತಾಯಿಗೂ ನಮಗಿರುವ ಭಯವೇ ಇದೆ. ಎರಡು ಭಯಗಳು ಒಂದೇ ಕಾಲುದಾರಿಯಲ್ಲಿ ಎದುರಾಗುವುದೇ ಈ ಅನಾಹುತಕ್ಕೆ ಬಹುಪಾಲು ಕಾರಣ.

ಇದನ್ನು ತಿಳಿದ ಮೇಲೆ ಮನೆಯವರ ರಕ್ಷಣೆ ನಮ್ಮ ಕೈಯಲ್ಲೇ ಬಹಳಷ್ಟಿದೆ ಎಂದು ಗೊತ್ತಾಗುತ್ತದೆ. ಅದು ಹೆಚ್ಚಾಗಿ ಓಡಾಡುವುದು ಸಂಜೆಯಿಂದ ಬೆಳಗಿನ ಜಾವದವರೆಗೆ. ಆ ಹೊತ್ತಿನಲ್ಲಿ ಗುಡ್ಡದ ಕಡೆ ಒಬ್ಬರೇ ಹೋಗಬೇಡಿ. ಹೋಗಲೇಬೇಕಾದರೆ ಇಬ್ಬರು ಮೂವರು ಕೂಡಿ, ಗಟ್ಟಿಯಾಗಿ ಮಾತನಾಡುತ್ತಾ, ಟಾರ್ಚು ಕೋಲು ಹಿಡಿದು ನಡೆಯಿರಿ. ಮಕ್ಕಳು ಬಂಡೆಯ ಬಿರುಕುಗಳಲ್ಲಿ ಆಟವಾಡದಂತೆ ನೋಡಿಕೊಳ್ಳಿ. ಹಗಲು ಅದು ಮಲಗುವುದು ಅಲ್ಲಿಯೇ. ಹಿತ್ತಲಲ್ಲಿ ಹಲಸು, ಸೀತಾಫಲ ಹಣ್ಣಾಗಿ ಕೊಳೆಯಲು ಬಿಡಬೇಡಿ. ಎಣ್ಣೆ, ಬೆಲ್ಲ, ಎಂಜಲು ಹೊರಗಿಡಬೇಡಿ. ದೂರದಲ್ಲಿ ಕರಡಿ ಕಂಡರೆ ಕಲ್ಲು ಹೊಡೆಯದೆ, ಅದಕ್ಕೆ ದಾರಿ ಬಿಟ್ಟು ನಿಧಾನವಾಗಿ ಹಿಂದೆ ಸರಿಯಿರಿ. ಅದು ನಮಗಿಂತ ವೇಗವಾಗಿ ಓಡುತ್ತದೆ, ಮರವನ್ನೂ ಹತ್ತುತ್ತದೆ. ಮೈಮೇಲೆ ಬಿದ್ದೇಬಿಟ್ಟರೆ ಬೋರಲಾಗಿ ಮಲಗಿ, ಎರಡೂ ಕೈಗಳಿಂದ ಕತ್ತಿನ ಹಿಂಭಾಗವನ್ನು ಮುಚ್ಚಿ, ಮೊಣಕೈಗಳಿಂದ ಮುಖವನ್ನು ಮರೆಮಾಡಿಕೊಳ್ಳಬೇಕು ಎನ್ನುತ್ತಾರೆ ಬಲ್ಲವರು.

“ದಾವೀದನೇ ಕರಡಿಯನ್ನು ಕೊಲ್ಲಲಿಲ್ಲವೇ?” ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಕೊಂದದ್ದು ನಿಜ. ಆದರೆ ಸಮುವೇಲನ ಮೊದಲ ಗ್ರಂಥವನ್ನು ಮತ್ತೊಮ್ಮೆ ಓದಿ ನೋಡಿ. ಮಂದೆಯ ಮರಿಯನ್ನು ಅದು ಕಚ್ಚಿಕೊಂಡು ಹೋದಾಗ ದಾವೀದ ಬೆನ್ನಟ್ಟಿ ಮರಿಯನ್ನು ಬಿಡಿಸಿದ. ತನ್ನ ಮೇಲೆಯೇ ತಿರುಗಿಬಿದ್ದಾಗ ಕೊಂದ. ಮುಂದೊಂದು ದಿನ ತೊಂದರೆ ಕೊಟ್ಟೀತೆಂದು ಗುಹೆ ಗುಹೆ ಹುಡುಕಿ ಕೊಲ್ಲಲಿಲ್ಲ. ನಮ್ಮ ದೇಶದ ಕಾನೂನೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕರಡಿಗೆ ಅತಿ ಹೆಚ್ಚಿನ ರಕ್ಷಣೆ ಕೊಟ್ಟಿದೆ. ಹಾಗಿದ್ದೂ ತನ್ನ ಅಥವಾ ಇನ್ನೊಬ್ಬರ ಪ್ರಾಣ ಉಳಿಸಲು ಸದ್ಭಾವನೆಯಿಂದ ಅದನ್ನು ಕೊಂದವರನ್ನು ಅಪರಾಧಿಯೆನ್ನುವುದಿಲ್ಲ. ಪ್ರಾಣರಕ್ಷಣೆಗೂ ಸೇಡಿಗೂ ನಡುವೆ ಗೆರೆಯೊಂದಿದೆ. ಅದನ್ನು ನಮ್ಮ ಅಂತಃಸಾಕ್ಷಿ ಬಲ್ಲದು.

“ಕೊಲ್ಲುವುದು ಬೇಡ, ಹಿಡಿದು ಬೇರೆಡೆ ಬಿಟ್ಟರೆ ಸಾಕು” ಎಂಬುದು ನಾವು ಸಾಮಾನ್ಯವಾಗಿ ಹೇಳುವ ಮಾತು. 2022ರ ಡಿಸೆಂಬರಿನಲ್ಲಿ ನಮ್ಮದೇ ಕೆಂಗೇರಿ, ತುರಹಳ್ಳಿಯ ಕಡೆ ಚಿರತೆ ಕಾಣಿಸಿಕೊಂಡಾಗಲೂ ಈ ಮಾತು ಕೇಳಿಬಂತು. ಕೇಳಲು ಕರುಣೆಯ ಮಾತೇ. ಆದರೆ ಆ “ಬೇರೆಡೆ” ಎಲ್ಲಿದೆ? ಅಲ್ಲಿಯೂ ಒಂದು ಹಳ್ಳಿಯಿಲ್ಲವೇ, ಸೌದೆ ತರಲು ಹೋಗುವ ಒಬ್ಬ ತಾಯಿ ಇಲ್ಲವೇ? ಮಹಾರಾಷ್ಟ್ರದ ಜುನ್ನರ್ ಪ್ರದೇಶದಲ್ಲಿ 2001ರ ನಂತರ ಚಿರತೆಗಳನ್ನು ಹಿಡಿದು ಹಿಡಿದು ಕಾಡುಗಳಿಗೆ ಬಿಡಲಾಯಿತು. ಅದಕ್ಕೂ ಮುಂಚೆ ಅಲ್ಲಿ ಮನುಷ್ಯರ ಮೇಲಿನ ದಾಳಿಗಳು ವರ್ಷಕ್ಕೆ ಸರಾಸರಿ 4 ಇದ್ದವು. ಆ ಬಳಿಕ 17ಕ್ಕೆ ಏರಿದವು ಎಂದು ಅಧ್ಯಯನ ಮಾಡಿದವರು ಬರೆದಿದ್ದಾರೆ. ನೆಲೆ ತಪ್ಪಿದ ಪ್ರಾಣಿ ಮತ್ತಷ್ಟು ಅಪಾಯಕಾರಿಯಾಗಬಲ್ಲದು ಎಂಬುದು ಅವರು ಕಂಡುಕೊಂಡ ಸತ್ಯ. ಚಿರತೆಯ ಸ್ವಭಾವ ಬೇರೆ, ಕರಡಿಯದು ಬೇರೆ, ನಿಜ. ಆದರೆ ನಮ್ಮ ಮನೆಯ ಅಪಾಯವನ್ನು ಹೊತ್ತು ತಂದು ಇನ್ನೊಬ್ಬನ ಬಾಗಿಲಲ್ಲಿ ಇಳಿಸಿ, ಇದು ರಕ್ಷಣೆ ಎಂದು ಕರೆಯಬಹುದೇ? ನೆರೆಯವನನ್ನು ಪ್ರೀತಿಸು ಎಂದು ಕಲಿತ ನಾವು ಇದಕ್ಕೆ ಉತ್ತರ ಹೇಳಬೇಕು.

ಇನ್ನೊಂದು ಸಂಗತಿ. ಹಿಂದೆ ಬೆಂಗಳೂರಿನ ಬೀದಿಗಳಿಗೂ ಕರಡಿ ಬರುತ್ತಿತ್ತು, ಮೂಗಿಗೆ ಹಗ್ಗ ಪೋಣಿಸಿಕೊಂಡು, ಖಲಂದರರ ಡಮರುಗದ ಸದ್ದಿಗೆ ಕುಣಿಯುತ್ತಾ. ಮಕ್ಕಳು ರಾತ್ರಿ ಬೆಚ್ಚಿ ಬೀಳಬಾರದೆಂದು ಜನ ಅದರ ಕೂದಲನ್ನು ತಾಯಿತಕ್ಕೆ ಹಾಕಿಸಿ ಕಟ್ಟುತ್ತಿದ್ದರು, ಕೂಸನ್ನು ಅದರ ಬೆನ್ನಮೇಲೆ ಕೂರಿಸುತ್ತಿದ್ದರು. ಆ ಕರಡಿ ಬೀದಿಗೆ ಬಂದದ್ದು ಹೇಗೆ? ತಾಯಿಯನ್ನು ಕೊಂದು ಮರಿಯನ್ನು ತರುತ್ತಿದ್ದರು; ಕಾದ ಕಬ್ಬಿಣದಿಂದ ಅದರ ಮೂತಿ ಚುಚ್ಚುತ್ತಿದ್ದರು, ಹಲ್ಲು ಕೀಳುತ್ತಿದ್ದರು. ಖಲಂದರರೂ ಹೊಟ್ಟೆಪಾಡಿನ ಬಡವರೇ. ಕಾಸು ಕೊಟ್ಟು ಕೂದಲು ಕೇಳಿದವರು ನಮ್ಮ ನಿಮ್ಮಂಥ ಮನೆಯವರು. ನಮ್ಮ ಮಗುವಿನ ಭಯ ಹೋಗಲೆಂದು ಇನ್ನೊಂದು ಮರಿ ತಾಯಿಯನ್ನು ಕಳೆದುಕೊಂಡಿತು. 2005ರಲ್ಲಿ ಬನ್ನೇರುಘಟ್ಟದಲ್ಲಿ ಇಂಥ ಕರಡಿಗಳಿಗೆ ಆಶ್ರಯ ಕೇಂದ್ರವೊಂದು ಆರಂಭವಾಯಿತು. ಖಲಂದರ ಕುಟುಂಬಗಳಿಗೆ ಬೇರೆ ಕಸುಬುಗಳಿಗೆ ನೆರವು ಸಿಕ್ಕಿತು. 2009ರ ಹೊತ್ತಿಗೆ ದೇಶದ ಬೀದಿಗಳಲ್ಲಿ ಕರಡಿ ಕುಣಿತ ಹೆಚ್ಚುಕಡಿಮೆ ಕೊನೆಗೊಂಡಿತು. ನೂರಾರು ವರ್ಷಗಳ ರೂಢಿಯೂ ಜನ ಮನಸ್ಸು ಮಾಡಿದರೆ ನಿಲ್ಲುತ್ತದೆ ಎನ್ನಲು ಇದೇ ಸಾಕ್ಷಿ. ಬಳ್ಳಾರಿ ಸೀಮೆಯ ದರೋಜಿಯಲ್ಲಿ 1994ರಲ್ಲೇ ಕರಡಿಗಳಿಗೆಂದು ಧಾಮವೊಂದನ್ನು ಘೋಷಿಸಿದ್ದೂ ನಮ್ಮ ರಾಜ್ಯದ ಹಿರಿಮೆ.

ಈಗ ನಮ್ಮ ಮನೆಗಳಿಗೆ ಬರೋಣ. ಕರಡಿ ಯಾರನ್ನು ಎದುರುಗೊಳ್ಳುತ್ತದೆ, ಯೋಚಿಸಿದ್ದೀರಾ? ಬೇಲಿ ಹಾಕಿದ ತೋಟದ ಮನೆಗೆ ಭಾನುವಾರ ಕಾರಿನಲ್ಲಿ ಹೋಗಿ ಬರುವ ಯಜಮಾನನನ್ನಲ್ಲ. ನಸುಕಿನಲ್ಲಿ ಬಯಲಿಗೆ ಹೋಗುವ ಹೆಂಗಸನ್ನು, ರಾತ್ರಿ ನೀರು ಕಟ್ಟುವ ಆಳನ್ನು, ಕುರಿ ಕಾಯುವ ಹುಡುಗನನ್ನು. ಗುಡ್ಡ ಒಡೆದು ತಂದ ಕಲ್ಲು ನಮ್ಮ ಮನೆಯ ಅಡಿಪಾಯಕ್ಕೆ ಬಂದಿದೆ. ಕಾಡಿನಂಚಿನ ನಿವೇಶನ ನಮ್ಮ ಹೆಸರಿನಲ್ಲಿದೆ. ಪ್ರವಾಸ ಹೋದಾಗ ನಾವು ಎಸೆದ ಊಟದ ಪೊಟ್ಟಣ ಆ ದಾರಿಯ ಪಕ್ಕದಲ್ಲಿ ಬಿದ್ದಿದೆ. ಅನುಕೂಲ ನಮ್ಮದು, ಅಪಾಯ ಅವರದು. ಇದನ್ನು ದೈವಚಿತ್ತವೆಂದು ಹೇಳಿ ಜಾರಿಕೊಳ್ಳಲಾಗದು.

ಆದ್ದರಿಂದ ನಿಮ್ಮಲ್ಲಿ ಒಂದು ವಿನಂತಿ. ಆ ಕಡೆ ನಿಮ್ಮ ಜಮೀನಿದ್ದರೆ, ಕಾವಲಿನ ಕುಟುಂಬಕ್ಕೆ ಮನೆಗೆ ಅಂಟಿದಂತೆಯೇ ಒಂದು ಶೌಚಾಲಯ ಕಟ್ಟಿಸಿಕೊಡಿ. ಅಂಗಳಕ್ಕೆ ಒಂದು ದೀಪ, ಕೈಗೆ ಒಂದು ಟಾರ್ಚು ಕೊಡಿ. ಕತ್ತಲಲ್ಲಿ ನೀರು ಕಟ್ಟುವ ಕೆಲಸವನ್ನು ಹಗಲಿಗೆ ಬದಲಿಸಲು ಸಾಧ್ಯವೇ ಎಂದು ನೋಡಿ. ಅವರ ಮಕ್ಕಳು ಶಾಲೆಗೆ ನಡೆಯುವ ದಾರಿಯ ಎರಡೂ ಬದಿಯ ಪೊದೆ ತೆಗೆಸಿ. ಕಾಡಿನ ಹಣ್ಣುಗಳನ್ನು ಕಾಡಿಗೇ ಬಿಡಿ, ನಿಮ್ಮ ಎಂಜಲನ್ನು ಮನೆಗೆ ಹೊತ್ತು ತನ್ನಿ. ಇಷ್ಟು ಮಾಡಿದರೆ ಅಲ್ಲೊಬ್ಬ ತಾಯಿ ನಸುಕಿನಲ್ಲಿ ಹೆದರದೆ ಬಾಗಿಲು ತೆರೆಯುತ್ತಾಳೆ. ಮರಿಗಳನ್ನು ಬೆನ್ನಮೇಲೆ ಹೊತ್ತ ಇನ್ನೊಂದು ತಾಯಿ ತನ್ನ ದಾರಿ ಹಿಡಿದು ಬಂಡೆಯ ಕಡೆಗೆ ಹೋಗುತ್ತಾಳೆ.

ಇಂದು ರಾತ್ರಿ ಕುಟುಂಬ ಪ್ರಾರ್ಥನೆಯಲ್ಲಿ ನಮ್ಮ ಮಕ್ಕಳ ರಕ್ಷಣೆಗಾಗಿ ಬೇಡುವಾಗ, ನಮ್ಮ ಜಮೀನು ಕಾಯುವ ಮನೆಯ ಮಕ್ಕಳ ಹೆಸರನ್ನೂ ಸೇರಿಸಿ ಹೇಳೋಣ. ಅವರ ಹೆಸರು ಗೊತ್ತಿಲ್ಲವಾದರೆ, ಮುಂದಿನ ಬಾರಿ ಹೋದಾಗ ಮೊದಲು ಅದನ್ನೇ ಕೇಳಿ ತಿಳಿದುಕೊಳ್ಳೋಣ.