ತೊಲಗು ಅನ್ನುವವನು ಯಾರು?

ಒಬ್ಬ ಮನುಷ್ಯನನ್ನು ‘ಇಲ್ಲಿಂದ ತೊಲಗು’ ಅನ್ನೋದಕ್ಕೆ ಇಂಗ್ಲಿಷಿನಲ್ಲಿ ಎಷ್ಟು ಮಾತುಗಳಿವೆ ಅಂತ ಎಣಿಸೋಕೆ ಕೂತರೆ ಕೈಬೆರಳು ಸಾಲೋದಿಲ್ಲ. ಗೆಟ್ ಲಾಸ್ಟ್, ಬೀಟ್ ಇಟ್, ಸ್ಕ್ರ್ಯಾಮ್, ಹಾಪ್ ಇಟ್, ಬಜ್ ಆಫ್, ಪಿಸ್ ಆಫ್, ಬಗರ್ ಆಫ್. ಇವು ಒಂದನ್ನೂ ನಮ್ಮ ಶಾಲೆಯಲ್ಲಿ ಕಲಿಸಲಿಲ್ಲ. ನಮಗೆ ಮೊದಲು ಕಲಿಸಿದ ಇಂಗ್ಲಿಷ್ ವಾಕ್ಯ ‘ಮೇ ಐ ಕಮಿನ್ ಸಾರ್?’ ಬಾಗಿಲಲ್ಲಿ ನಿಂತು ಅಪ್ಪಣೆ ಬೇಡುವ ಇಂಗ್ಲಿಷ್ ನಮ್ಮ ಪಾಲಿಗೆ ಬಂತು. ಬಾಗಿಲಿಂದ ಆಚೆಗೆ ಅಟ್ಟುವ ಇಂಗ್ಲಿಷ್ ಬೇರೆಯವರ ಹತ್ತಿರ ಉಳಿಯಿತು.

ಈ ಮಾತುಗಳು ಹುಟ್ಟಿದ್ದು, ಬೆಳೆದದ್ದು ವಿಶ್ವವಿದ್ಯಾಲಯದಲ್ಲಲ್ಲ. ಹಡಗಿನ ಆಳುಗಳು, ಸಿಪಾಯಿಗಳು, ಬಂದರಿನ ಕೂಲಿಗಳು, ಕಳ್ಳರು, ಬೀದಿ ಹುಡುಗರು ಇವನ್ನು ಆಡಿಕೊಂಡು ಬೆಳೆಸಿದರು. 1785ರಲ್ಲಿ ಫ್ರಾನ್ಸಿಸ್ ಗ್ರೋಸ್ ಇಂಥ ಮಾತುಗಳ ಕೋಶ ಮಾಡಿ ಅದಕ್ಕೆ ‘ವಲ್ಗರ್ ಟಂಗ್’ ಅಂತ, ಎಂದರೆ ಒರಟರ ನಾಲಗೆ ಅಂತ ಹೆಸರಿಟ್ಟ. 1937ರಲ್ಲಿ ಎರಿಕ್ ಪಾರ್ಟ್ರಿಜ್ ಇನ್ನೂ ದೊಡ್ಡ ಕೋಶ ತಂದ. ಪದಗಳು ಕೋಶಕ್ಕೆ ಸೇರಿದವು ನಿಜ. ಆದರೆ ಮಡಿವಂತ ಇಂಗ್ಲಿಷ್ ಅವುಗಳನ್ನು ಜಗಲಿ ಹತ್ತಿಸಲಿಲ್ಲ. ನನ್ನ ಪ್ರಶ್ನೆ ಇಷ್ಟೆ: ‘ತೊಲಗು’ ಅನ್ನೋ ಮಾತಿನ ಹೊಲಸು ಇರೋದು ಎಲ್ಲಿ? ಪದದಲ್ಲೋ, ಅದನ್ನು ಆಡುವವನ ಕೈಯಲ್ಲಿರುವ ದೊಣ್ಣೆಯಲ್ಲೋ?

‘ವಮೂಸ್’ ಅನ್ನೋ ಪದ ತಗೊಳ್ಳಿ. ಅಮೆರಿಕದ ಗಡಿಯಲ್ಲಿದ್ದ ಬಿಳಿಯರು 1830ರ ದಶಕದ ಹೊತ್ತಿಗೆ ಅದನ್ನು ಸ್ಪ್ಯಾನಿಷ್ ನುಡಿಯವರಿಂದ ಎತ್ತಿಕೊಂಡರು. ಮೂಲದ ‘ವಾಮೋಸ್’ಗೆ ಅರ್ಥ ‘ನಡೀರಿ, ಹೋಗೋಣ.’ ಅದರೊಳಗೆ ‘ನಾವು’ ಇದೆ. ಇಂಗ್ಲಿಷಿಗೆ ಬಂದ ಮೇಲೆ ಆ ‘ನಾವು’ ಸತ್ತುಹೋಯಿತು. ‘ಹೋಗೋಣ’ ಅನ್ನೋದು ‘ಓಡಿ ಹೋಗು’ ಆಯಿತು. 1848ರಲ್ಲಿ ಯುದ್ಧ ಮುಗಿದಾಗ ಮೆಕ್ಸಿಕೋ ತನ್ನ ನೆಲದ ಸುಮಾರು ಅರ್ಧವನ್ನು ಕಳೆದುಕೊಂಡಿತ್ತು. ಮುಂದೆ 1930ರ ದಶಕದ ಆರ್ಥಿಕ ಕುಸಿತದಲ್ಲಿ ಅದೇ ಅಮೆರಿಕ ಲಕ್ಷಾಂತರ ಮೆಕ್ಸಿಕನ್ ಮೂಲದವರನ್ನು ಗಡಿ ದಾಟಿಸಿತು. ಅವರಲ್ಲಿ ಅಮೆರಿಕದ ನೆಲದಲ್ಲೇ ಹುಟ್ಟಿದವರು ಬಹಳ ಮಂದಿ. ಆಗ ಬಳಸಿದ ಪದ ‘ವಮೂಸ್’ ಅಲ್ಲ, ‘ರಿಪ್ಯಾಟ್ರಿಯೇಷನ್’, ತಾಯ್ನಾಡಿಗೆ ಮರಳಿಸುವುದು! ಎಷ್ಟು ಸಭ್ಯ ಪದ ನೋಡಿ. ಪೋಲಿ ಪದ ಕದ್ದದ್ದು ಬರೀ ‘ನಾವು’ ಅನ್ನೋದನ್ನ. ಸಭ್ಯ ಪದ ಮನೆಯನ್ನೇ ಕಿತ್ತುಕೊಂಡಿತು.

ದಕ್ಷಿಣ ಆಫ್ರಿಕದ ಇಂಗ್ಲಿಷಿನಲ್ಲಿ ‘ಫುಟ್ಸೆಕ್’ ಅನ್ನೋ ಮಾತಿದೆ. ಡಚ್ ನುಡಿಯಿಂದ ಬಂದದ್ದು. ‘ಆಚೆ ನಡಿ ಅಂತೀನಿ’ ಅನ್ನೋ ಮೂರು ಪದ ಒಂದಾಗಿ ಬೆಸೆದುಕೊಂಡ ಕೂಗು. ನಾಯಿ ಓಡಿಸೋಕೆ ಆಡುವ ಮಾತು. ಮನುಷ್ಯನಿಗೆ ಅಂದರೆ ಘೋರ ಅವಮಾನ. ವರ್ಣಭೇದದ ಕಾಲದಲ್ಲಿ ಬಿಳಿಯ ಒಡೆಯರು ಕರಿಯರ ಮೇಲೆ ಇದನ್ನು ಎಸೆದರು. ಆದರೆ ಅದಕ್ಕಿಂತ ಕ್ರೂರವಾದ ಇನ್ನೊಂದು ಮಾತು ಅಲ್ಲಿನ ಕಚೇರಿಗಳಲ್ಲಿತ್ತು: ‘ಎಂಡಾರ್ಸ್ಡ್ ಔಟ್.’ 1952ರ ಕಾನೂನುಗಳ ಪ್ರಕಾರ 16 ವರ್ಷ ದಾಟಿದ ಕರಿಯರು ಪಾಸ್ ಪುಸ್ತಕ ಹೊಂದಿರಲೇಬೇಕಾಯಿತು. ಹಕ್ಕು ಇಲ್ಲದವರು ಅನುಮತಿ ಪಡೆಯದೆ ಪಟ್ಟಣದಲ್ಲಿ 72 ಗಂಟೆಗಿಂತ ಹೆಚ್ಚು ನಿಲ್ಲುವಂತಿರಲಿಲ್ಲ. ಗುಮಾಸ್ತ ಒಂದು ಮೊಹರು ಒತ್ತಿದರೆ ಮುಗೀತು, ಗಂಡ ಇಲ್ಲಿ, ಹೆಂಡತಿ ಅಲ್ಲಿ. ಅವನು ಬೈಯಬೇಕಾಗಿಲ್ಲ, ತಲೆ ಎತ್ತಿ ನೋಡಬೇಕಾಗೂ ಇಲ್ಲ. 1986ರಲ್ಲಿ ಪಾಸ್ ಕಾನೂನು ರದ್ದಾಗುವವರೆಗೆ ಈ ಮೊಹರು ಜನರನ್ನು ಅಟ್ಟುತ್ತಲೇ ಇತ್ತು. ಈಗ ಹೇಳಿ, ಇವೆರಡರಲ್ಲಿ ಕೆಟ್ಟ ಮಾತು ಯಾವುದು?

ಪೋಲಿ ಮಾತಿಗೂ ಮೇಲು ಕೀಳು ಉಂಟು. 1970ರ ದಶಕದಲ್ಲಿ ಬಿಬಿಸಿಯ ‘ಪಾರಿಡ್ಜ್’ ಅನ್ನೋ ಜೈಲಿನ ಹಾಸ್ಯ ಧಾರಾವಾಹಿಯಿಂದ ‘ನ್ಯಾಫ್ ಆಫ್’ ಅನ್ನೋ ಮಾತು ಇಂಗ್ಲೆಂಡಿನಲ್ಲಿ ಮನೆಮಾತಾಯಿತು. 1982ರಲ್ಲಿ ರಾಜಕುಮಾರಿ ಆ್ಯನ್ ಛಾಯಾಗ್ರಾಹಕರಿಗೆ ಅದನ್ನೇ ಅಂದರು ಅಂತ ಪತ್ರಿಕೆಗಳು ಬರೆದವು. ಕೈದಿ ಅಂದರೆ ಒರಟುತನ, ಅರಮನೆಯವರು ಅಂದರೆ ದಿಟ್ಟತನ! ಅದಕ್ಕೂ ಒಂದು ವರ್ಷ ಹಿಂದೆ, 1981ರಲ್ಲಿ, ನಿರುದ್ಯೋಗ ಮಿತಿಮೀರಿ ಬ್ರಿಕ್ಸ್‌ಟನ್, ಟಾಕ್ಸ್‌ಟೆತ್ ಹೊತ್ತಿ ಉರಿದ ವರ್ಷ, ಉದ್ಯೋಗ ಮಂತ್ರಿ ನಾರ್ಮನ್ ಟೆಬಿಟ್ ತನ್ನ ಪಕ್ಷದ ಸಮ್ಮೇಳನದಲ್ಲಿ ಅಪ್ಪನ ಕತೆ ಹೇಳಿದ. 1930ರ ದಶಕದಲ್ಲಿ ಕೆಲಸ ಹೋದಾಗ ಅಪ್ಪ ದೊಂಬಿ ಮಾಡಲಿಲ್ಲ, ಸೈಕಲ್ ಹತ್ತಿ ಕೆಲಸ ಹುಡುಕಿಕೊಂಡು ಹೋದ ಅಂತ. ‘ಆನ್ ಯರ್ ಬೈಕ್’, ಸೈಕಲ್ ಹತ್ತು, ಅಂದರೆ ಇಂಗ್ಲಿಷ್ ಬೀದಿಯಲ್ಲಿ ‘ತೊಲಗು’ ಅಂತಲೇ ಅರ್ಥ. ಜನ ಮಂತ್ರಿಯ ಮಾತನ್ನು ಹಾಗೆಯೇ ಕೇಳಿಸಿಕೊಂಡರು. ತಪ್ಪೇನು? 1982ರ ಜನವರಿ ಹೊತ್ತಿಗೆ ಕೆಲಸ ಇಲ್ಲದವರು 30 ಲಕ್ಷ ದಾಟಿದ್ದರು. ಅವರೆಲ್ಲ ಸೈಕಲ್ ಹತ್ತಿ ಹೋಗೋದಾದರೂ ಎಲ್ಲಿಗೆ?

‘ಗೋ ಹೋಮ್’ ಕತೆಯೂ ಇದೇ. 1970ರ ದಶಕದಲ್ಲಿ ವರ್ಣದ್ವೇಷಿಗಳು ಅದನ್ನು ಇಂಗ್ಲೆಂಡಿನ ಗೋಡೆಗಳ ಮೇಲೆ ಗೀಚಿದರು. 2013ರ ಜುಲೈನಲ್ಲಿ ಸರಕಾರದ ಗೃಹ ಇಲಾಖೆಯೇ ಅದನ್ನು ವ್ಯಾನುಗಳ ಮೇಲೆ ಬರೆಸಿ ಲಂಡನ್ನಿನ ಬೀದಿಗಳಲ್ಲಿ ತಿರುಗಿಸಿತು. ಕಾಗದಪತ್ರ ಇಲ್ಲದವರು ಮನೆಗೆ ಹೋಗಿ, ಇಲ್ಲದಿದ್ದರೆ ಬಂಧನ ಅಂತ. ದೂರು ಬಂದ ಮೇಲೆ ಅಲ್ಲಿನ ಜಾಹೀರಾತು ಪ್ರಾಧಿಕಾರ ಆ ಜಾಹೀರಾತನ್ನು ತಪ್ಪು ಅಂದಿತು. ಯಾಕೆ ಗೊತ್ತೆ? ಅದರಲ್ಲಿದ್ದ ಬಂಧನದ ಅಂಕಿ ದಾರಿ ತಪ್ಪಿಸುವಂಥದ್ದು ಅಂತ. ‘ಗೋ ಹೋಮ್’ ಅನ್ನೋ ಮಾತು ಮಾತ್ರ ಪಾಸಾಯಿತು. ಗೋಡೆಯ ಮೇಲಿದ್ದ ಪೋಲಿ ಮಾತಿಗೆ ಸರಕಾರಿ ಬಣ್ಣ ಬಳಿದರೆ ಅದು ನೀತಿಯಾಗುತ್ತದೆ.

ಹಾಗಾದರೆ ‘ತೊಲಗು’ ಅನ್ನೋದೇ ಪಾಪವೆ? ಇಲ್ಲ. ‘ಕ್ವಿಟ್’ ಅನ್ನೋ ಪದ ನೋಡಿ. ಜಮೀನ್ದಾರ ಗೇಣಿದಾರನನ್ನು ಬಿಡಿಸಲು ಕೊಡುವ ನೋಟೀಸಿಗೆ ಇಂಗ್ಲಿಷ್ ಕಾನೂನಿನಲ್ಲಿ ‘ನೋಟೀಸ್ ಟು ಕ್ವಿಟ್’ ಅಂತಲೇ ಹೆಸರು. 19ನೆಯ ಶತಮಾನದಲ್ಲಿ ಐರ್ಲೆಂಡಿನ ರೈತರು ಈ ಕಾಗದ ಹಿಡಿದು ನಿಂತಾಗ ಅವರ ಗುಡಿಸಲಿನ ಸೂರು ಕೆಡವಲಾಯಿತು. 1942ರಲ್ಲಿ ಇಲ್ಲಿನ ಜನ ಅದೇ ಪದ ಕಿತ್ತುಕೊಂಡು ಒಡೆಯನ ಮುಖಕ್ಕೇ ಹಿಡಿದರು: ಕ್ವಿಟ್ ಇಂಡಿಯಾ. ಒಕ್ಕಲು ಜಮೀನ್ದಾರನಿಗೆ ನೋಟೀಸ್ ಕೊಟ್ಟ ಹಾಗೆ. ಪದ ಹಳೆಯದೇ, ದಿಕ್ಕು ಬದಲಾಯಿತು. ಒಡೆಯನಿಗೆ ಹೋಗಲು ಸ್ವಂತ ಮನೆ ಇತ್ತು, ಹಡಗೂ ಇತ್ತು.

ಇಲ್ಲಿ ಎಚ್ಚರ ಬೇಕು. ನೊಂದವನ ಬಾಯಿಂದ ಬಂದ ಮಾತ್ರಕ್ಕೆ ಮಾತು ಶುದ್ಧವಾಗೋದಿಲ್ಲ. ಪಾಸ್ ಪುಸ್ತಕದ ಕೆಳಗೆ ನರಳಿದ ಅದೇ ದಕ್ಷಿಣ ಆಫ್ರಿಕದಲ್ಲಿ 2008ರ ಮೇ ತಿಂಗಳಲ್ಲಿ ಬಡ ಬಡಾವಣೆಗಳ ಜನ ಜಿಂಬಾಬ್ವೆ, ಮೊಜಾಂಬಿಕ್‌ನಿಂದ ಕೂಲಿಗೆ ಬಂದವರ ಮೇಲೆ ಬಿದ್ದರು. 60ಕ್ಕೂ ಹೆಚ್ಚು ಜನ ಸತ್ತರು. ನಿನ್ನೆ ಮೇಲಿಂದ ಬಿದ್ದ ‘ತೊಲಗು’ ಇವತ್ತು ಪಕ್ಕದವನ ತಲೆಯ ಮೇಲೆ ಬಿತ್ತು. ಒಡೆಯ ಹೋದರೂ ಅವನ ಮಾತು ಉಳಿದುಕೊಂಡಿದ್ದರೆ ಹೀಗೇ ಆಗೋದು.

ಅದಕ್ಕೇ ಹೇಳ್ತೀನಿ ಗೆಳೆಯರೆ, ಬೈಗುಳಕ್ಕೆ ವ್ಯಾಕರಣದ ತಕ್ಕಡಿ ಬೇಡ. ಇಬ್ಬರು ಬಂದರು ಕೂಲಿಗಳು ಒಬ್ಬರಿಗೊಬ್ಬರು ‘ಪಿಸ್ ಆಫ್’ ಅಂದುಕೊಂಡು ಸಂಜೆ ಒಟ್ಟಿಗೆ ಕುಡಿಯಬಹುದು. ಅಲ್ಲಿ ಯಾರ ಮಾನವೂ ಹೋಗೋದಿಲ್ಲ. ‘ತೊಲಗು’ ಅನ್ನೋ ಮಾತನ್ನು ಅಳೆಯೋಕೆ ಎರಡೇ ಪ್ರಶ್ನೆ ಸಾಕು. ಕೇಳಿಸಿಕೊಂಡವನು ಅದನ್ನೇ ತಿರುಗಿ ಅನ್ನಬಲ್ಲನೆ? ಅವನಿಗೆ ಹೋಗೋಕೆ ಒಂದು ಜಾಗ ಇದೆಯೆ? ಎರಡಕ್ಕೂ ‘ಇಲ್ಲ’ ಅನ್ನೋದೇ ಉತ್ತರವಾದರೆ, ಆ ಮಾತನ್ನು ‘ಪ್ಲೀಸ್’ ಸೇರಿಸಿ ಆಡಿದರೂ ಅದು ಹಿಂಸೆಯೇ. ನಾಲಗೆ ತೊಳೆಯೋ ಮಡಿವಂತರು ಮೊದಲು ಮೊಹರು ಒತ್ತೋ ಕೈ ತೊಳೆಯಲಿ.