ಒಂದು ಪುಟ್ಟ ದೋಣಿಯ ಲೆಕ್ಕ

ಮನುಷ್ಯನಿಗೆ ಒಂದು ಹವ್ಯಾಸ ಬೇಕೆಂದು ಉಪದೇಶಿಸುವವರು ಅನೇಕರು. ಆ ಹವ್ಯಾಸಕ್ಕೆ ಮನೆಯಲ್ಲಿ ಜಾಗ ಬಿಟ್ಟುಕೊಡುವವರು ವಿರಳ. ಮುಂಬಯಿಯ ಎರಡು ಕೋಣೆಯ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಊಟದ ಮೇಜಿನ ಅರ್ಧ ಭಾಗವನ್ನು ಹತ್ತು ತಿಂಗಳ ಕಾಲ ಒಂದು ಮರದ ದೋಣಿಗೆ ಬಿಟ್ಟುಕೊಟ್ಟ ನಮ್ಮ ಮನೆಯವರ ಸಹನೆಯನ್ನು ಸ್ಮರಿಸಿಯೇ ಈ ಬರಹಕ್ಕೆ ತೊಡಗುತ್ತೇವೆ. ದೋಣಿ ಈಗ ಮುಗಿದಿದೆ. ಆದರೆ ಅದು ಎತ್ತಿದ ಪ್ರಶ್ನೆಯೊಂದು ಮುಗಿದಿಲ್ಲ. ಅದನ್ನು ವಾಚಕರ ಮುಂದಿಡುವುದೇ ಇಲ್ಲಿನ ಉದ್ದೇಶ.

ಅಂಗಡಿಯಲ್ಲಿ ದೊರೆಯುವ ಪ್ಲಾಸ್ಟಿಕ್ ಬಿಡಿಭಾಗಗಳನ್ನು ತಂದು ಅಂಟಿಸುವುದು ಮಾದರಿ ಕಟ್ಟುವ ಒಂದು ರೀತಿ. ನಕ್ಷೆ ಬರೆದುಕೊಂಡು, ಪ್ರತಿಯೊಂದು ಭಾಗವನ್ನೂ ಕೈಯಿಂದಲೇ ಕೊಯ್ದು, ಉಜ್ಜಿ, ಜೋಡಿಸುವುದು ಇನ್ನೊಂದು. ಮೊದಲನೆಯದಕ್ಕೆ ಹಣ ಬೇಕು, ಎರಡನೆಯದಕ್ಕೆ ಹಟ ಬೇಕು. ಗುಮಾಸ್ತರಲ್ಲಿ ಯಾವುದು ಹೇರಳವೆಂದು ಬಿಡಿಸಿ ಹೇಳಬೇಕಾಗಿಲ್ಲ. ನಾವು ಆರಿಸಿಕೊಂಡದ್ದು ‘ಕ್ರೈಟ್’ ಎಂಬ ಹೆಸರಿನ, ಎರಡನೆಯ ಮಹಾಯುದ್ಧದ ಕಾಲದ ಒಂದು ಸಾಧಾರಣ ದೋಣಿ. ಫಿರಂಗಿಗಳಿಂದ ಮೆರೆಯುವ ಯುದ್ಧನೌಕೆಗಳ ನಡುವೆ ಇದನ್ನಿಟ್ಟರೆ ಮೀನು ಮಾರಲು ಬಂದದ್ದೆಂದು ತಿಳಿದಾರು. ವಾಸ್ತವವಾಗಿ ಅದು ಮೀನುಗಾರಿಕೆಯ ದೋಣಿಯೇ. 1934ರಲ್ಲಿ ಜಪಾನಿನಲ್ಲಿ ಕಟ್ಟಿದ್ದು, ಹೆಸರು ‘ಕೋಫುಕು ಮಾರು’. ಕೋಫುಕು ಎಂದರೆ ಜಪಾನಿ ಮಾತಿನಲ್ಲಿ ಸುಖ. ಯುದ್ಧ ಸಿಂಗಪುರಕ್ಕೆ ಬಂದಾಗ ಬ್ರಿಟಿಷರ ವಶವಾದ ಈ ದೋಣಿಯಲ್ಲಿ, ಬಿಲ್ ರೆನಾಲ್ಡ್ಸ್ ಎಂಬ ಆಸ್ಟ್ರೇಲಿಯದ ನಾವಿಕ, ಬಾಂಬಿಗೆ ಸಿಕ್ಕಿ ಮುಳುಗಿದ ಹಡಗುಗಳಿಂದ ಸುಮಾತ್ರದ ಸುತ್ತಮುತ್ತ ಚದುರಿಹೋಗಿದ್ದ ಸಾವಿರಕ್ಕೂ ಹೆಚ್ಚು ಜನರನ್ನು ಸುರಕ್ಷಿತ ಸ್ಥಳಕ್ಕೆ ಸಾಗಿಸಿದನು. ಬಳಿಕ 1942ರಲ್ಲಿ ದೋಣಿ ನಮ್ಮ ದೇಶದ ದಡ ಸೇರಿ, ಇಲ್ಲಿಂದ ಆಸ್ಟ್ರೇಲಿಯಕ್ಕೆ ಹೋಯಿತು. ಅದಕ್ಕಿಟ್ಟ ಹೊಸ ಹೆಸರು ನಮ್ಮ ನೆಲದ ಹಾವಿನದು: ನಾವು ಕಟ್ಟುಹಾವು ಎನ್ನುತ್ತೇವಲ್ಲ, ರಾತ್ರಿಯ ಹೊತ್ತು ಮಲಗಿದವರನ್ನು ಸದ್ದಿಲ್ಲದೆ ಕಚ್ಚುವ ವಿಷಜಂತು, ಅದು. ‘ಸುಖ’ ಹೋಗಿ ‘ಹಾವು’ ಆದದ್ದು ಹೀಗೆ.

ನಿಜವಾದ ದೋಣಿಯ ಉದ್ದ ಸುಮಾರು 21.3 ಮೀಟರು, ಅಗಲ 3.3 ಮೀಟರು. ಐವತ್ತರಲ್ಲಿ ಒಂದು ಪಾಲೆಂದು ನಾವು ಅಳತೆ ಗೊತ್ತುಮಾಡಿಕೊಂಡೆವು. ಆಗ ಉದ್ದ 42.6 ಸೆಂಟಿಮೀಟರು, ಅಗಲ 6.6. ಪಕ್ಕೆಲುಬುಗಳಿಗೆ ಮೂರು ಮಿಲಿಮೀಟರಿನ ಪ್ಲೈವುಡ್. ಹೊರಮೈಗೆ ತೆಳುವಾದ ಮರದ ಪಟ್ಟಿ, ಒಂದೊಂದನ್ನೂ ಬಿಸಿನೀರಿನಲ್ಲಿ ನೆನೆಸಿ ಬಾಗಿಸಿದ್ದು. ಕಂಬಕ್ಕೆ ಬಿದಿರ ಕಡ್ಡಿ. ಹಿಂಬದಿಯ ಮೇಲುಕಟ್ಟಿಗೆ ಹಳೆಯ ಪಂಚೆಯ ತುಂಡು, ಚಹಾದಲ್ಲಿ ಅದ್ದಿ ಬಣ್ಣಗೆಡಿಸಿದ್ದು. ಹಗ್ಗಕ್ಕೆ ಬಳಸಿದ ದಾರ ಕಚೇರಿಯ ಕಡತಗಳದ್ದಲ್ಲ, ಅಂಗಡಿಯಲ್ಲಿ ಕೊಂಡದ್ದೆಂದು ಪ್ರಮಾಣ ಮಾಡಿ ಹೇಳಬಲ್ಲೆವು. ಬಿ.ಎಸ್ಸಿ. ಓದಿದ ಕಾಲದಿಂದ ನೆನಪಿನಲ್ಲುಳಿದ ಒಂದು ಮಾತು ಈ ಕೆಲಸದಲ್ಲಿ ದಿನವೂ ಎದುರಾಗುತ್ತಿತ್ತು: ಉದ್ದ ಐವತ್ತನೆಯ ಒಂದಕ್ಕೆ ಇಳಿದರೆ ಮೇಲ್ಮೈ ಎರಡು ಸಾವಿರದ ಐನೂರನೆಯ ಒಂದಕ್ಕೂ, ಗಾತ್ರ ಒಂದು ಲಕ್ಷದ ಇಪ್ಪತ್ತೈದು ಸಾವಿರದ ಒಂದಕ್ಕೂ ಇಳಿಯುತ್ತದೆ. ಎಲ್ಲವೂ ಒಂದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲ. ಕೆಲವು ವಿಷಯಗಳು ಕುಗ್ಗುವುದೇ ಇಲ್ಲವೆಂದು ತಿಳಿದದ್ದು ಆಮೇಲೆ.

ಈ ದೋಣಿ ಮಾಡಿದ ಕೆಲಸವನ್ನು ಸಂಕ್ಷೇಪವಾಗಿ ಹೇಳಬೇಕು. 1943ರ ಸೆಪ್ಟೆಂಬರ್ 2ರಂದು ಹದಿನಾಲ್ಕು ಜನ ಇದರಲ್ಲಿ ಆಸ್ಟ್ರೇಲಿಯದ ಎಕ್ಸ್‌ಮೌತ್ ಕೊಲ್ಲಿಯಿಂದ ಹೊರಟರು. ನಾಯಕ ಮೇಜರ್ ಐವನ್ ಲಯನ್. ಮೈಗೆ ಕಂದು ಬಣ್ಣ ಬಳಿದುಕೊಂಡು, ಸರೋಂಗು ಉಟ್ಟು, ಸ್ಥಳೀಯ ಬೆಸ್ತರ ವೇಷ ಧರಿಸಿದರು; ದೋಣಿಯ ಮೇಲೆ ಜಪಾನಿನ ಬಾವುಟ ಹಾರಿಸಿದರು. ಸಿಂಗಪುರದ ಸಮೀಪ ಮೂರು ಮಡಿಸುವ ದೋಣಿಗಳಲ್ಲಿ ಆರು ಜನ ಇಳಿದರು. ಸೆಪ್ಟೆಂಬರ್ 26ರ ರಾತ್ರಿ ಬಂದರಿನೊಳಗೆ ಹುಟ್ಟುಹಾಕಿಕೊಂಡು ಹೋಗಿ, ಅಯಸ್ಕಾಂತದಿಂದ ಕಚ್ಚಿಕೊಳ್ಳುವ ಸಿಡಿಗುಂಡುಗಳನ್ನು ಹಡಗುಗಳ ಒಡಲಿಗೆ ಅಂಟಿಸಿ ಮರಳಿದರು. ಬೆಳಗಾಗುವ ಮುನ್ನ ಆರೇಳು ಹಡಗುಗಳು ಮುಳುಗಿದವು ಅಥವಾ ಜಖಂಗೊಂಡವು. ಅಕ್ಟೋಬರ್ 19ರಂದು ಕ್ರೈಟ್ ಹೊರಟಲ್ಲಿಗೇ ಹಿಂದಿರುಗಿತು. ನಲವತ್ತೆಂಟು ದಿನ, ಹದಿನಾಲ್ಕು ಜನ, ಒಬ್ಬನಿಗೂ ಗಾಯವಿಲ್ಲ. ಇಂಥ ಸಾಹಸಕ್ಕೆ ತಲೆದೂಗದವರಾರು? ನಾವೂ ತಲೆದೂಗಿಯೇ ಮರ ಕೊಯ್ಯಲು ಕುಳಿತದ್ದು.

ದೋಣಿ ಮುಗಿಯುತ್ತ ಬಂದಾಗ ಬಾವುಟದ ಪ್ರಶ್ನೆ ಬಂತು. ನೆರೆಮನೆಯ ಎಂಟನೆಯ ತರಗತಿಯ ಹುಡುಗನೊಬ್ಬ ದಿನವೂ ಬಂದು ನೋಡುತ್ತಿದ್ದ. ಕೆಂಪು ಸೂರ್ಯನ ಬಾವುಟ ಬರೆಯುತ್ತಿದ್ದಾಗ, “ಅಂಕಲ್, ಇದು ಶತ್ರುಗಳ ಬಾವುಟ ಅಲ್ವಾ? ಹಾಗಾದ್ರೆ ಆಮೇಲೆ ಬೈಸಿಕೊಂಡವರು ಯಾರು?” ಎಂದು ಕೇಳಿದ. ತರಗತಿಯಲ್ಲಿ ತಪ್ಪು ಮಾಡಿದವನೊಬ್ಬ, ಪೆಟ್ಟು ತಿಂದವನೊಬ್ಬ ಎಂಬುದು ಅವನ ನಿತ್ಯದ ಅನುಭವವಿರಬೇಕು. ನಮಗೆ ಉತ್ತರ ಗೊತ್ತಿರಲಿಲ್ಲ. ಹಗ್ಗದ ದಪ್ಪ ಎಷ್ಟೆಂದು ತಿಂಗಳುಗಟ್ಟಲೆ ಹುಡುಕಿದ್ದ ನಾವು ಈ ಮಾತನ್ನು ಹುಡುಕಿಯೇ ಇರಲಿಲ್ಲ. ಅಂದು ರಾತ್ರಿ ಹುಡುಕಿದೆವು.

ಬೈಸಿಕೊಂಡವರು ಸಿಂಗಪುರದ ಜನ. ಹೊರಗಿನಿಂದ ಯಾರೋ ಬಂದು ಇದನ್ನು ಮಾಡಿಹೋದರೆಂದು ಜಪಾನಿನ ಸೈನಿಕ ಪೊಲೀಸರಾದ ಕೆಂಪೆತಾಯ್‌ಗಳಿಗೆ ತೋಚಲಿಲ್ಲ. ಒಳಗಿನವರದೇ ಕೈವಾಡವೆಂದು ಬಗೆದು, 1943ರ ಅಕ್ಟೋಬರ್ 10ರಂದು ಚಾಂಗಿ ಸೆರೆಮನೆಯ ನಾಗರಿಕ ಬಂಧಿಗಳ ಮೇಲೆ ಬಿದ್ದರು. ಒಟ್ಟು 57 ಮಂದಿಯನ್ನು ಹಿಡಿದು, ತಿಂಗಳುಗಟ್ಟಲೆ ಹಿಂಸಿಸಿದರು. ಹದಿನೈದು ಜನ ಸತ್ತರು. ದಾಳಿಯ ವಿಷಯ ಅವರಲ್ಲಿ ಒಬ್ಬರಿಗೂ ತಿಳಿದಿರಲಿಲ್ಲ. ಗೊತ್ತಿಲ್ಲದ್ದನ್ನು ಬಾಯಿಬಿಡು ಎಂದರೆ ಏನನ್ನು ಬಿಟ್ಟಾರು? ಇತ್ತ ಮಿತ್ರಪಕ್ಷದವರು, ಇನ್ನೊಮ್ಮೆ ಇದೇ ತಂತ್ರ ಬಳಸಬೇಕೆಂದು, ಈ ಕೆಲಸ ತಮ್ಮದೆಂದು ಆಗ ಹೊರಗೆ ಹೇಳಲಿಲ್ಲ. ಹೇಳಿದ್ದರೆ ಸೆರೆಯಾದವರನ್ನು ಬಿಡುತ್ತಿದ್ದರೋ ಇಲ್ಲವೋ, ಅದು ಬೇರೆ ಮಾತು.

‘ಮಾಡಿದ್ದುಣ್ಣೋ ಮಹರಾಯ’ ಎಂದು ನಮ್ಮ ಹಿರಿಯರು ಧೈರ್ಯವಾಗಿ ಹೇಳಿದ್ದಾರೆ. ಲೋಕದ ಅನುಭವ ನೋಡಿಯೋ ಏನೋ, ‘ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ’ ಎಂದು ಸೇರಿಸಿದವರೂ ಅವರೇ. ಮೊದಲನೆಯದು ಹೀಗಿರಬೇಕೆಂಬ ಮಾತು, ಎರಡನೆಯದು ಹೀಗಿದೆಯೆಂಬ ಮಾತು. ಇವೆರಡರ ನಡುವೆ ನಿಂತವನ ಕರ್ತವ್ಯವೇನು?

ಭಾರತೀಯರಾದ ನಮಗೆ ಇಲ್ಲಿ ಪಕ್ಷ ಹಿಡಿದು ಪಾರಾಗುವ ದಾರಿಯೂ ಸುಲಭದ್ದಲ್ಲ. ಕ್ರೈಟ್ ಹಿಂದಿರುಗಿದ ಎರಡೇ ದಿನಕ್ಕೆ, ಅಕ್ಟೋಬರ್ 21ರಂದು, ಅದೇ ಸಿಂಗಪುರದಲ್ಲಿ ನೇತಾಜಿಯವರು ಆಜಾದ್ ಹಿಂದ್ ಸರ್ಕಾರವನ್ನು ಘೋಷಿಸಿದರು. ಆದ್ದರಿಂದ ಗೆದ್ದವರಾರು, ನ್ಯಾಯ ಯಾರ ಕಡೆ ಎಂಬ ಚರ್ಚೆಯನ್ನು ಪಕ್ಕಕ್ಕಿಟ್ಟು, ಆ ಹದಿನೈದು ಜನರನ್ನಷ್ಟೇ ಕಣ್ಣೆದುರಿಗಿಟ್ಟುಕೊಳ್ಳೋಣ.

ನಮಗೆ ನೆನಪಾದದ್ದು ಮಹಾಭಾರತದ ಅರಗಿನ ಮನೆ. ಪಾಂಡವರು ಸುರಂಗದಿಂದ ಪಾರಾದದ್ದನ್ನು ಹರಿಕಥೆಯಲ್ಲಿ ಕೇಳಿ ನಾವೆಲ್ಲ ಚಪ್ಪಾಳೆ ತಟ್ಟಿದ್ದೇವೆ. ಅಂದು ರಾತ್ರಿ ಆ ಮನೆಯಲ್ಲಿ ಉಂಡು ಮಲಗಿದ್ದ ಒಬ್ಬ ಬೇಡಿತಿ ಮತ್ತು ಅವಳ ಐವರು ಮಕ್ಕಳು ಸುಟ್ಟು ಬೂದಿಯಾದರು. ಆ ಆರು ದೇಹಗಳನ್ನು ಕಂಡೇ ಊರಿನವರು ಪಾಂಡವರು ಸತ್ತರೆಂದು ನಂಬಿದ್ದು. ಬೆಂಕಿಯಿಟ್ಟವನು ಭೀಮನೇ. ಪಾರಾದವರು ಮುಂದೆ ವೇಷ ಮರೆಸಿಕೊಂಡು ಅಲೆದು, ದ್ರೌಪದಿಯನ್ನು ವರಿಸಿ, ರಾಜ್ಯವಾಳಿದರು. ಆ ತಾಯಿಯ ಹೆಸರನ್ನು ನಮ್ಮಲ್ಲಿ ಎಷ್ಟು ಜನ ಕೇಳಿದ್ದೇವೆ?

ಭೀಮನಿಗೂ ಲಯನ್‌ಗೂ ಮುಖ್ಯವಾದ ವ್ಯತ್ಯಾಸವಿದೆಯೆಂದು ಒಪ್ಪಬೇಕು. ಕ್ರೈಟಿನವರು ಆ 57 ಜನರ ಮೈ ಮುಟ್ಟಲಿಲ್ಲ. ಹಿಂಸಿಸಿದ ಕೈಗಳು ಬೇರೆ. 1946ರಲ್ಲಿ ವಿಚಾರಣೆ ನಡೆದು ಆ ಕೈಗಳಿಗೆ ಶಿಕ್ಷೆಯೂ ಆಯಿತು. ಎಂಟು ಮಂದಿಗೆ ಮರಣದಂಡನೆ. ಇನ್ನು ದಾಳಿಗೈದವರನ್ನು ಹೇಡಿಗಳೆನ್ನುವ ಹಾಗೂ ಇಲ್ಲ. 1944ರಲ್ಲಿ ಲಯನ್ ಮತ್ತೆ ಇಪ್ಪತ್ತೆರಡು ಜನರೊಡನೆ ಸಿಂಗಪುರದತ್ತ ಹೋದ. ಆ ಇಪ್ಪತ್ತಮೂವರಲ್ಲಿ ಒಬ್ಬನೂ ಬದುಕಿ ಬರಲಿಲ್ಲ. ಕಡೆಯ ಹತ್ತು ಮಂದಿಯ ಶಿರಚ್ಛೇದವಾದದ್ದು 1945ರ ಜುಲೈ 7ರಂದು, ಯುದ್ಧ ಮುಗಿಯಲು ಕೆಲವೇ ವಾರಗಳಿದ್ದಾಗ.

ಹಾಗಾದರೆ ಲೆಕ್ಕ ಮುಗಿಯಿತೇ? ಹೊಣೆಯನ್ನು ನಾವು ಸಾಮಾನ್ಯವಾಗಿ ಹೋಳಿಗೆಯಂತೆ ಭಾವಿಸುತ್ತೇವೆ: ಒಬ್ಬನ ಪಾಲಿಗೆ ಪೂರ್ತಿ ಬಂದರೆ ಇನ್ನೊಬ್ಬನಿಗೆ ಏನೂ ಉಳಿಯದು. ಇದು ಸರಿಯಲ್ಲವೆಂದು ನಮಗೆ ತೋರುತ್ತದೆ. ಪಾಪ ಬೇರೆ, ಋಣ ಬೇರೆ. ಹಿಂಸಿಸಿದವನದು ಪಾಪ, ಅದರಲ್ಲಿ ಒಂದು ಗುಂಜಿಯನ್ನೂ ಕಳೆಯುವ ಹಾಗಿಲ್ಲ. ಆದರೆ ನಾನು ಮಾಡಿದ ಕೆಲಸಕ್ಕಾಗಿ ಬೇರೊಬ್ಬ ಪೆಟ್ಟು ತಿಂದನೆಂದರೆ, ನನ್ನಲ್ಲಿ ಪಾಪ ಇಲ್ಲದಿದ್ದರೂ ಋಣ ಇದೆ. ಪಾಪಕ್ಕೆ ಶಿಕ್ಷೆ ಉಂಟು, ಋಣಕ್ಕೆ ಇಲ್ಲ. ಋಣಕ್ಕಿರುವುದು ಒಪ್ಪಿಕೊಳ್ಳುವುದು ಮತ್ತು ಆದಷ್ಟು ತೀರಿಸುವುದು. ಅದು ಕೆಲಸ ಮಾಡಿದವನೊಡನೆ ಸತ್ತುಹೋಗುವುದೂ ಇಲ್ಲ. ಆ ಕೆಲಸವನ್ನು ಹೊಗಳಿ ಆನಂದಿಸುವವರಿಗೂ ಅದರ ಒಂದು ಪಾಲು ಬರುತ್ತದೆ. ಮೇಜಿನ ಮೇಲೆ ದೋಣಿ ಕಟ್ಟುವವನಿಗೂ ಬರುತ್ತದೆ.

ಈ ಪ್ರಕರಣದಲ್ಲೇ ಸೆರೆಯಾದ ಎಲಿಜಬೆತ್ ಚಾಯ್ ಎಂಬ ಮಹಿಳೆ ಗಂಡನೊಡನೆ ಆಸ್ಪತ್ರೆಯ ಕ್ಯಾಂಟೀನು ನಡೆಸುತ್ತಿದ್ದರು. ಬಂಧಿಗಳಿಗೆ ಔಷಧ, ಹಣ, ಸುದ್ದಿ ತಲಪಿಸುತ್ತಿದ್ದರು. ಸುಮಾರು ಇನ್ನೂರು ದಿನ ನರಕ ಕಂಡು ಬಂದ ಆಕೆ, ತಮ್ಮನ್ನು ಹಿಂಸಿಸಿದವರಿಗೆ ಮರಣದಂಡನೆಯಾಗಲೆಂದು ಬಯಸಲಿಲ್ಲ. ಯುದ್ಧವೇ ಕೆಡುಕೆಂದು ಆಕೆಯ ನಿಲುವು. ಕ್ಷಮಿಸುವ ಹಕ್ಕು ಅವರದು. ಅವರು ಕ್ಷಮಿಸಿದರೆಂದು ನಮ್ಮ ಲೆಕ್ಕವನ್ನು ನಾವೇ ಚುಕ್ತಾ ಮಾಡಿಕೊಳ್ಳುವಂತಿಲ್ಲ.

ಇಷ್ಟು ಬರೆದ ಮೇಲೆ ನಮ್ಮ ಒಂದು ಸಂಗತಿಯನ್ನು ಮುಚ್ಚಿಟ್ಟರೆ ಇದೆಲ್ಲ ಬರಿಯ ಪಾಂಡಿತ್ಯವಾದೀತು. ನೌಕರಿಗೆ ಸೇರಿದ ಹೊಸತರಲ್ಲಿ, ಬಾಕಿ ಉಳಿದ ಕೆಲಸ ಮುಗಿಸುವ ಉತ್ಸಾಹದಿಂದ, ಒಂದು ಕಡತವನ್ನು ಯಾರಿಗೂ ಹೇಳದೆ ಮನೆಗೆ ಒಯ್ದಿದ್ದೆವು. ಮಾರನೆಯ ದಿನ ನಮಗೆ ಜ್ವರ, ರಜೆ. ಕಚೇರಿಯಲ್ಲಿ ಕಡತಕ್ಕೆ ಹುಡುಕಾಟ. ಕಡತಗಳನ್ನು ನೋಡಿಕೊಳ್ಳುತ್ತಿದ್ದ ದಫ್ತರಿಗೆ ಮೆಮೋ. ಮೂರನೆಯ ದಿನ ನಾವು ಅದನ್ನು ಬೀರುವಿನ ಹಿಂಬದಿಗೆ ಮೆಲ್ಲನೆ ಸೇರಿಸಿದೆವು. ಕಡತ ‘ಸಿಕ್ಕಿತು’. ಮೆಮೋ ಮಾತ್ರ ಆತನ ಸೇವಾ ದಾಖಲೆಯಲ್ಲಿ ಉಳಿಯಿತು. ಮೆಮೋ ಕೊಟ್ಟವರು ಮೇಲಧಿಕಾರಿಗಳು, ನಾವಲ್ಲ. ನಮ್ಮ ಉದ್ದೇಶ ಒಳ್ಳೆಯದೇ ಎಂದು ಇಷ್ಟು ವರ್ಷ ಹೇಳಿಕೊಂಡು ಬಂದೆವು. ಸಿಂಗಪುರದ ಹದಿನೈದು ಸಾವುಗಳೆದುರು ಈ ಮೆಮೋ ಯಾವ ಲೆಕ್ಕದ್ದೂ ಅಲ್ಲ. ಆದರೆ ತಪ್ಪಿಸಿಕೊಳ್ಳಲು ನಾವು ಹುಡುಕಿದ ಸುರಂಗ ಮಾತ್ರ ಅದೇ ಬಗೆಯದು.

ನಿಜವಾದ ಕ್ರೈಟ್ ಇಂದಿಗೂ ಇದೆ. ಸಿಡ್ನಿಯ ಸಾಗರ ಸಂಗ್ರಹಾಲಯದಲ್ಲಿ ಅದನ್ನು ಕಾಪಾಡಿಕೊಂಡಿದ್ದಾರೆ. ನಮ್ಮ ಕ್ರೈಟ್ ಪುಸ್ತಕದ ಕಪಾಟಿನ ಮೇಲಿದೆ. ಅದರ ಮೇಲೆ ಸುಳ್ಳು ಬಾವುಟವನ್ನೇ ಹಾರಿಸಿದ್ದೇವೆ, ಏಕೆಂದರೆ ಅದು ನಿಜ. ಪೀಠದ ಹಲಗೆಯ ಮೇಲೆ ದೋಣಿ ಹೊರಟ ದಿನ, ಮರಳಿದ ದಿನ ಎರಡನ್ನು ಮಾತ್ರ ಬರೆಯುವುದೆಂದಿದ್ದೆವು; ನಡುವೆ 10-10-1943 ಎಂದೂ, ಅದರ ಮುಂದೆ 15 ಎಂದೂ ಸೇರಿಸಿದೆವು. ಮೊನ್ನೆ ಆ ಹುಡುಗ ಬಂದು ಇದೇನೆಂದು ಕೇಳಿದ. ಅವನ ಪ್ರಶ್ನೆಗೇ ಉತ್ತರವೆಂದು ಹೇಳಿ, ಕೂರಿಸಿಕೊಂಡು ಪೂರ್ತಿ ವಿವರಿಸಿದೆವು.

ದಫ್ತರಿ ನಿವೃತ್ತರಾಗಿ ಕೊಂಕಣದ ತಮ್ಮ ಹಳ್ಳಿ ಸೇರಿದ್ದಾರೆ. ವಿಳಾಸ ಪಡೆದು, ನಮಗೆ ಬರುವ ಮುರುಕು ಮರಾಠಿಯಲ್ಲಿ ನಡೆದದ್ದೆಲ್ಲವನ್ನೂ ಬರೆದು ಪತ್ರ ಹಾಕಿ ಆರು ವಾರವಾಯಿತು. ಉತ್ತರ ಬಂದಿಲ್ಲ. ಬರಲೇಬೇಕೆಂದು ಕೇಳುವ ಹಕ್ಕು ಸಾಲಗಾರನಿಗಿಲ್ಲ.